ನಾಲಗೆಗೂ ಹೊಟ್ಟೆಗೂ ಇರುವ ನಂಟು

ತಿಂದದ್ದು ಒಮ್ಮೆ ಆಗಿಬರದೆ ಹೋದರೆ, ಆಮೇಲೆ ಅದರ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಊಟಕ್ಕೂ ವಾಂತಿಗೂ ನಡುವೆ ಮೂರು ತಾಸು ಕಳೆದಿರಬಹುದು, ನೂರು ಮಾತು ಕಿವಿಗೆ ಬಿದ್ದಿರಬಹುದು; ತಪ್ಪು ಹೊರುವುದು ನಾಲಗೆಯ ಮೇಲಿದ್ದ ರುಚಿಯೇ. ಅಡುಗೆಮನೆಗೆ ಗೊತ್ತಿದ್ದ ಇದನ್ನು ಇಪ್ಪತ್ತನೇ ಶತಮಾನದ ನಡುಭಾಗದ ಪ್ರಾಯೋಗಿಕ ಮನೋವಿಜ್ಞಾನ ಒಪ್ಪಲು ಸಿದ್ಧವಿರಲಿಲ್ಲ. ರಷ್ಯದ ಶರೀರವಿಜ್ಞಾನಿ ಪಾವ್ಲೋವ್‌ ಪರಂಪರೆಯಲ್ಲಿ ಬೇರೂರಿದ್ದ ನಂಬಿಕೆಯಂತೆ ಯಾವ ಸೂಚನೆಯನ್ನಾದರೂ ಯಾವ ಫಲಕ್ಕಾದರೂ ಬೆಸೆಯಬಹುದು, ಆದರೆ ಎರಡರ ನಡುವೆ ಕೆಲವೇ ಸೆಕೆಂಡುಗಳಿರಬೇಕು. ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ (1917–2012) ಈ ಎರಡು ಗಂಟುಗಳನ್ನೂ ಸಡಿಲಿಸಿದರು. ಅವರ ಹಿರಿಮೆ ಇರುವುದು ಪ್ರಯೋಗದ ಹೆಣಿಗೆಯಲ್ಲಿ ಎಂಬುದು ನನ್ನ ವಾದ.

ಆರಂಭ ಆಕಸ್ಮಿಕ. ನೌಕಾಪಡೆಯ ವಿಕಿರಣ ಪ್ರಯೋಗಾಲಯದಲ್ಲಿ ಗಾಮಾ ಕಿರಣಕ್ಕೆ ಒಡ್ಡಿದ ಇಲಿಗಳು ಆಮೇಲೆ ಸ್ಯಾಕರಿನ್ ಬೆರೆಸಿದ ಸಿಹಿನೀರನ್ನು ದೂರವಿಡುತ್ತವೆ ಎಂದು ಗಾರ್ಸಿಯಾ ಮತ್ತು ಸಹೋದ್ಯೋಗಿಗಳು 1955ರಲ್ಲಿ ವರದಿ ಮಾಡಿದರು. ಇಷ್ಟರಿಂದಲೇ ಸಿದ್ಧಾಂತ ಅಲುಗುವುದಿಲ್ಲ. ಕಾಯಿಲೆ ಬಿದ್ದ ಪ್ರಾಣಿ ಹೊಸದೆಲ್ಲಕ್ಕೂ ಅಂಜುತ್ತದೆ ಎಂದುಬಿಡಬಹುದು. ಈ ದಾರಿ ಮುಚ್ಚಿದ್ದು 1966ರಲ್ಲಿ ರಾಬರ್ಟ್ ಕೋಲಿಂಗ್ ಜೊತೆ ನಡೆಸಿದ ಪ್ರಯೋಗ. ಇಲಿ ನೀರು ನೆಕ್ಕಿದಾಗ ಸಿಹಿ ಅಥವಾ ಉಪ್ಪು ರುಚಿ ಸಿಗುತ್ತಿತ್ತು, ಪ್ರತಿ ನೆಕ್ಕಿಗೂ ದೀಪ ಮಿನುಗಿ ಟಕ್ಕೆನ್ನುವ ಸದ್ದೂ ಆಗುತ್ತಿತ್ತು. ಕೆಲವು ಇಲಿಗಳಿಗೆ ಎಕ್ಸ್‌ರೇ ಅಥವಾ ಲಿಥಿಯಂ ಕ್ಲೋರೈಡ್‌ನಿಂದ ಹೊಟ್ಟೆ ಕೆಡಿಸಿದರು, ಉಳಿದವುಗಳ ಕಾಲಿಗೆ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ರುಚಿಯನ್ನು ಬೇರೆ, ಬೆಳಕು-ಸದ್ದನ್ನು ಬೇರೆ ಮಾಡಿ ನೋಡಿದಾಗ, ಹೊಟ್ಟೆ ಕೆಟ್ಟವು ರುಚಿಯನ್ನು ಬಿಟ್ಟವು, ಬೆಳಕನ್ನು ಲೆಕ್ಕಿಸಲಿಲ್ಲ. ಆಘಾತ ತಿಂದವು ಬೆಳಕು-ಸದ್ದಿನ ನೀರನ್ನು ಬಿಟ್ಟವು, ರುಚಿಯ ನೀರನ್ನು ಕುಡಿದವು. ಕಾಯಿಲೆಯ ಇಲಿಗೆ ಎಲ್ಲದರ ಮೇಲೂ ಅಂಜಿಕೆ ಎನ್ನುವಂತಿಲ್ಲ, ಬೆಳಕು ದುರ್ಬಲ ಸೂಚನೆ ಎನ್ನುವಂತೆಯೂ ಇಲ್ಲ. ಒಂದು ಗುಂಪಿನ ಫಲ ಇನ್ನೊಂದರ ಮೇಲೆ ಬರಬಹುದಾದ ಆಕ್ಷೇಪಕ್ಕೆ ತಾನೇ ಉತ್ತರವಾಗಿ ನಿಲ್ಲುತ್ತದೆ. ಇಷ್ಟು ಬಿಗಿಯಾದ ಕೆಲಸವನ್ನು ಪ್ರತಿಷ್ಠಿತ ಪತ್ರಿಕೆಗಳು ಹಿಂತಿರುಗಿಸಿದ್ದು ಅಂದಿನ ವಿದ್ವತ್ತಿನ ಲೋಪವೆಂದೇ ನಾನು ಎಣಿಸುತ್ತೇನೆ.

ರುಚಿಗೂ ಕಾಯಿಲೆಗೂ ನಂಟಿದೆಯೆಂದು ಇಲಿ ಅನುಭವದಿಂದ ಮೊದಲೇ ಕಲಿತಿರಬಹುದಲ್ಲ ಎಂಬುದು ಹೆಚ್ಚು ಗಟ್ಟಿಯಾದ ಆಕ್ಷೇಪ. ಆದರೆ ಹುಟ್ಟಿ ಒಂದೇ ದಿನವಾದ ಮರಿಗಳಲ್ಲೂ ಇಂಥ ಆಯ್ಕೆ ಇದೆಯೆಂದು 1982ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ಕಣ್ಣಿನಿಂದ ಆಹಾರ ಹುಡುಕುವ ಲಾವಕ್ಕಿಯಂತೂ, 1971ರ ಒಂದು ಅಧ್ಯಯನದಲ್ಲಿ, ನೀರಿನ ಹುಳಿಗಿಂತ ಅದರ ನೀಲಿ ಬಣ್ಣವನ್ನೇ ಕಾಯಿಲೆಗೆ ಹೊಣೆ ಮಾಡಿತು. ಕಲಿಕೆಯ ಸಾಮಾನ್ಯ ನಿಯಮ ಬಿದ್ದಿಲ್ಲ, ಎಷ್ಟು ಹೊತ್ತು, ಯಾವ ಸೂಚನೆ ಎಂಬ ಅಳತೆಗಳಷ್ಟೇ ಬದಲಾದವು ಎನ್ನುವವರ ಮಾತನ್ನು ಅರ್ಧ ಒಪ್ಪುತ್ತೇನೆ: ಬೆಸುಗೆ ಆಗುವುದು, ಅಳಿಯುವುದು ಇಲ್ಲಿಯೂ ಉಂಟು. ಆದರೆ ಆ ಅಳತೆ ಏನೆಂದು ತಿಳಿಯಲು ಆ ಪ್ರಾಣಿ ಹೇಗೆ ಬದುಕುತ್ತದೆಂದು ಕೇಳಲೇಬೇಕಾಯಿತು. ಇಲಿಯನ್ನು ಬರಿಯ ಉಪಕರಣವೆಂದು ಬಗೆದಿದ್ದ ಪ್ರಯೋಗಾಲಯಕ್ಕೆ ಇದು ಸಣ್ಣ ತಿದ್ದುಪಡಿಯಲ್ಲ.

ಕುರಿಗಳನ್ನು ಉಳಿಸುವ ಯೋಜನೆಯಲ್ಲಿ ಮಾತ್ರ ಅವರ ಕೈ ಸೋತಿತು. ತೋಳದ ಬಳಗದ ಕಯೋಟಿಗೆ ಲಿಥಿಯಂ ಬೆರೆಸಿದ ಕುರಿಮಾಂಸ ತಿನ್ನಿಸಿದರೆ ಅದು ಕುರಿಯ ತಂಟೆಗೇ ಹೋಗುವುದಿಲ್ಲ ಎಂದು ಗಾರ್ಸಿಯಾ ತಂಡ 1974ರಲ್ಲಿ ಹೇಳಿತು. ಹೊರಗಿನ ಪರೀಕ್ಷೆಗಳ ಫಲ ವಿವಾದಕ್ಕೆ ಸಿಕ್ಕಿತು. ತಿನ್ನುವುದನ್ನು ಬಿಟ್ಟರೂ ಕೊಲ್ಲುವುದನ್ನು ಬಿಡದ ಕಯೋಟಿಗಳಿದ್ದವು. ಅವರದೇ ತರ್ಕ ಹಿಡಿದು ನೋಡಿದರೆ ಇದು ಅಚ್ಚರಿಯಲ್ಲ: ತಿನ್ನುವುದು ರುಚಿಯ ಕೆಲಸ, ಬೆನ್ನಟ್ಟಿ ಬೀಳಿಸುವುದು ಕಣ್ಣು ಮೂಗುಗಳ ಕೆಲಸ. ತಾವೇ ಕಂಡ ಭೇದವನ್ನು ಹೊಲದಂಚಿನಲ್ಲಿ ಅವರು ಹಗುರವಾಗಿ ತೆಗೆದುಕೊಂಡರು.

ಆ ಭೇದ ನಿಜವಾಗಿ ಒದಗಿದ್ದು ಕ್ಯಾನ್ಸರ್ ವಾರ್ಡಿನಲ್ಲಿ. ಕೀಮೋಥೆರಪಿಗೆ ಮುಂಚೆ ಹೊಸ ರುಚಿಯ ಐಸ್‌ಕ್ರೀಮ್ ತಿಂದ ಮಕ್ಕಳು ಆಮೇಲೆ ಅದನ್ನು ಬೇಡವೆನ್ನುತ್ತಾರೆಂದು ಐಲೀನ್ ಬರ್ನ್‌ಸ್ಟೈನ್ 1978ರಲ್ಲಿ ತೋರಿಸಿದರು. ಊಟಕ್ಕೂ ಔಷಧಿಗೂ ನಡುವೆ ಗಾಢ ರುಚಿಯ ಪೆಪ್ಪರಮೆಂಟಿನಂಥ ಮಿಠಾಯಿ ಕೊಟ್ಟರೆ ತಪ್ಪು ಅದರ ತಲೆಗೆ ಹೋಗುತ್ತದೆ, ಊಟ ಬಚಾವಾಗುತ್ತದೆ ಎಂದು 1987ರಲ್ಲಿ ಗೊತ್ತಾಯಿತು.