ಕಾಯುವ ಅಪ್ಪ, ಅಲೆಯುವ ಅಪ್ಪ

ಅಪ್ಪನ ಬಗ್ಗೆ ಮಕ್ಕಳು ಬರೆದದ್ದು ಎಂದರೆ ನಮಗೆ ಮೊದಲು ಹೊಳೆಯುವುದು ತೇಜಸ್ವಿಯವರ 'ಅಣ್ಣನ ನೆನಪು'. ಮಲಯಾಳಂನಲ್ಲಿ ಇದರ ತಿರುವುಮುರುವಾದ ಪುಸ್ತಕವೊಂದಿದೆ. 'ಒರು ಅಚ್ಛಂಡೆ ಓರ್ಮಕ್ಕುರಿಪ್ಪುಗಳ್', ಒಬ್ಬ ಅಪ್ಪನ ನೆನಪಿನ ಟಿಪ್ಪಣಿಗಳು. ಬರೆದವರು ಟಿ.ವಿ. ಈಚರ ವಾರಿಯರ್, ಹಿಂದಿ ಮೇಷ್ಟ್ರು. ಮಗ ರಾಜನ್ ಕೋಳಿಕ್ಕೋಡಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ತುರ್ತುಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ಪೊಲೀಸರು ಎಳೆದೊಯ್ದ ಹುಡುಗ ಮರಳಲಿಲ್ಲ. ದೇಹವೂ ಸಿಗಲಿಲ್ಲ.

ಪುಸ್ತಕಕ್ಕಿಂತ ಮೊದಲೇ ಈ ಪ್ರಕರಣದಿಂದ ಹುಟ್ಟಿದ ಸಿನಿಮಾ ಶಾಜಿ ಎನ್. ಕರುಣ್ ಅವರ 'ಪಿರವಿ'. 1989ರಲ್ಲಿ ಕಾನ್ ಉತ್ಸವದ ಮನ್ನಣೆ ಪಡೆದದ್ದು. ಮುದಿ ಅಪ್ಪನಾಗಿ ನಟಿಸಿದ ಪ್ರೇಮ್‌ಜಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಮಳೆ, ಹೊಳೆ, ದೋಣಿ, ಬಸ್ಸು. ಒಮ್ಮೆ ತಿರುವನಂತಪುರಕ್ಕೆ ಹೋಗಿ ಮಂತ್ರಿಯನ್ನು ಕಂಡು ಬರುವುದು ಬಿಟ್ಟರೆ ಆ ಅಪ್ಪನ ಕೆಲಸ ಕಾಯುವುದು. ಚಿತ್ರ ನನಗೆ ತುಂಬ ಇಷ್ಟ. ಆದರೂ ತಕರಾರಿದೆ: ಕಾಯುವ ಅಪ್ಪ ತೆರೆಯ ಮೇಲೆ ಚೆಂದ ಕಾಣುತ್ತಾನೆ, ಅಲೆಯುವ ಅಪ್ಪ ಅಷ್ಟು ಚೆಂದ ಕಾಣುವುದಿಲ್ಲ.

ವಾರಿಯರ್ ಅಲೆದರು. ಅಧಿಕಾರಿಗಳ ಬಾಗಿಲಿಗೆ, ತಿರುವನಂತಪುರದಲ್ಲಿ ಗೃಹಮಂತ್ರಿ ಕರುಣಾಕರನ್ ಬಳಿಗೆ, ಮುಖ್ಯಮಂತ್ರಿ ಅಚ್ಯುತ ಮೇನೋನ್ ಬಳಿಗೆ. ಮನವಿಯ ಮೇಲೆ ಮನವಿ. 1977ರಲ್ಲಿ, ತುರ್ತುಪರಿಸ್ಥಿತಿ ಮುಗಿದೊಡನೆ, ಎರ್ನಾಕುಳಂನ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ. ಅಷ್ಟರಲ್ಲಿ ಮುಖ್ಯಮಂತ್ರಿಯಾಗಿದ್ದ ಕರುಣಾಕರನ್ ಒಂದೇ ತಿಂಗಳಲ್ಲಿ ಕುರ್ಚಿ ಬಿಡಬೇಕಾಯಿತು. ಬರವಣಿಗೆ ಹಿಂದೆ ಮುಂದೆ ಜಿಗಿಯುತ್ತದೆ, ಹೇಳಿದ್ದನ್ನೇ ಹೇಳುತ್ತದೆ. ಪರವಾಗಿಲ್ಲ, ಕಚೇರಿಗಳನ್ನು ಸುತ್ತಿದವರ ಮಾತು ಹಾಗೇ ಇರುತ್ತದೆ.

ಕಾಕ್ಕನಾಡಿನಿಂದ ತಿರುವನಂತಪುರಕ್ಕೆ ನಾನು ಕೆಲಸದ ಮೇಲೆ ತಿಂಗಳಿಗೆರಡು ಸಲ ಹೋಗುತ್ತೇನೆ. ಸುಮಾರು ಇನ್ನೂರು ಕಿಲೋಮೀಟರಿನ ಆ ರೈಲುದಾರಿಯಲ್ಲೇ ಇದರ ಇಂಗ್ಲಿಷ್ ಅನುವಾದ ಓದಿದ್ದು. ಅಪ್ಪಂದಿರ ಆಸರೆಯನ್ನು ನಾವು ಕಟ್ಟಿದ ಫೀಸಿನಲ್ಲಿ, ಕೊಟ್ಟ ಬುದ್ಧಿಮಾತಿನಲ್ಲಿ ಅಳೆಯುತ್ತೇವೆ. ಇಲ್ಲಿರುವುದು ಮಗನಿಗೆ ಗೊತ್ತೇ ಆಗದ ಆಸರೆ. ಯಾವ ಮಗನೂ ಇಂಥದನ್ನು ಬರೆಯಲಾರ, ಏಕೆಂದರೆ ಅವನು ಅದನ್ನು ಕಂಡಿರುವುದಿಲ್ಲ. ಆಲಪ್ಪುಳ ದಾಟಿದ ಮೇಲೆ ಊರಿಗೆ ಫೋನು ಮಾಡಿದೆ.

"ಅಪ್ಪಾ, ನನ್ನ ಜಾತಿ ಸರ್ಟಿಫಿಕೇಟಿಗೆ ಎಷ್ಟ್ ಸಲ ಓಡ್ಯಾಡಿದ್ರಿ?"

"ಅದನ್ನ್ಯಾರ್ ಲೆಕ್ಕಾ ಇಟ್ಟಾರೋ ತಮ್ಮಾ. ಊಟಾ ಆತಿಲ್ಲೋ?"

ವಾರಿಯರ್ ಲೆಕ್ಕ ಇಟ್ಟರು. ಇಡಲೇಬೇಕಾಯಿತು, ಏಕೆಂದರೆ ಎದುರಿಗಿದ್ದ ಸರಕಾರ ಆ ಹುಡುಗ ನಮ್ಮ ಬಳಿ ಇಲ್ಲವೇ ಇಲ್ಲ ಎನ್ನುತ್ತಿತ್ತು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಹೋರಾಟದ್ದಲ್ಲ, ತಾಯಿ ರಾಧಾ ಅವರದು. ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಆಕೆ ಮಗನೆಲ್ಲಿ ಎಂದು ಕೇಳುತ್ತಲೇ ಇದ್ದರು. ಗಂಡ ನಿಜ ಹೇಳಲಾರದೆ ವರ್ಷಗಟ್ಟಲೆ ಸುಮ್ಮನಿದ್ದರು. ನ್ಯಾಯಾಲಯದಲ್ಲಿ ಸತ್ಯಕ್ಕಾಗಿ ಹಟ ಹಿಡಿದವರು ಮನೆಯಲ್ಲಿ ಅದನ್ನೇ ಬಚ್ಚಿಟ್ಟರು. ಈ ಇಬ್ಬಗೆಯನ್ನು ವಾರಿಯರ್ ತಿದ್ದಿ ತೀಡಿ ಬರೆದಿಲ್ಲ.

'ಪಿರವಿ' ಈ ಭಾರವನ್ನು ಮಗಳ ಹೆಗಲಿಗೆ ದಾಟಿಸಿದೆ. ನನ್ನ ತಕರಾರು ಇಲ್ಲಿ ಸಡಿಲವಾಗುತ್ತದೆ. ಅರ್ಚನಾ ನಟಿಸಿದ ಮಾಲತಿ ಕೆಲಸಕ್ಕೆ ಹೋಗುವ, ಮನೆಯನ್ನೂ ನೋಡಿಕೊಳ್ಳುವ ಹೆಣ್ಣುಮಗಳು. ತಮ್ಮನನ್ನು ಹುಡುಕಿ ತಿರುವನಂತಪುರಕ್ಕೆ ಹೋದವಳಿಗೆ ಏನಾಗಿರಬೇಕೆಂದು ತಿಳಿಯುತ್ತದೆ. ಈಗ ಅಲೆಯುವವಳು ಅವಳು, ಅಪ್ಪನನ್ನು ಕಾಯುವವಳೂ ಅವಳೇ. ಪ್ರೇಮ್‌ಜಿಯ ಮುಖದಿಂದ ಕಣ್ಣು ಕಿತ್ತು ಮಾಲತಿಯನ್ನೇ ನೋಡುತ್ತ ಒಮ್ಮೆ ಈ ಚಿತ್ರ ನೋಡಿ. ಮನೆಗೆ ಬಂದವಳಿಗೆ ಹೇಳಲು ಮಾತಿಲ್ಲ, ಅಪ್ಪ ಇನ್ನೂ ಮಗನ ದಾರಿ ನೋಡುತ್ತಿದ್ದಾನೆ.