ಚೇಳೂರಿನ ತಾಮ್ರಗೆಂಪು

ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಯ ವಸ್ತುಪ್ರದರ್ಶನದ ಹೊತ್ತಿಗೆ ಹಲಸು ಇನ್ನೂ ಎಳಸು. ಅದನ್ನು ನೋಡಬೇಕಾದರೆ ಸುಗ್ಗಿಯಲ್ಲಿ ತುಮಕೂರಿನ ಹಿರೇಹಳ್ಳಿ ಹಲಸು ಮೇಳಕ್ಕೇ ಹೋಗಬೇಕು. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ತಳಿ ನನ್ನ ಮೆಚ್ಚಿನದು: ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಹಣ್ಣು, ತಾಮ್ರಗೆಂಪು ತೊಳೆ. ಹೊತ್ತು ತರಲು ಆಳು ಬೇಡ, ಮನೆಮಂದಿಗೆ ಒಂದು ಸಾಕು! ಬೀಜ ನೆಟ್ಟರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆಯಿಲ್ಲ, ಕಸಿಯೇ ಗತಿ. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೊಂದಿಗೆ ಆದ ಒಪ್ಪಂದದಂತೆ ಸಸಿ ಮಾರಾಟದ ಮುಕ್ಕಾಲು ಪಾಲು ತಾಯಿಮರದ ಮಾಲೀಕರಿಗೆ. ಇದಲ್ಲವೇ ನ್ಯಾಯ? ಇನ್ನು ಮೇಳದಲ್ಲಿ ಹಣ್ಣು ಜೋಡಿಸುವ ರೈತಮಕ್ಕಳ ಜಾಣತನ: ಕೈಗೆ ಎಣ್ಣೆ ಸವರಿ, ಮೇಣ ಒರೆಸಿ, ಇಡಿ ಹಣ್ಣಿನ ಪಕ್ಕದಲ್ಲೇ ಸೀಳಿದ್ದನ್ನೂ ಇಟ್ಟು, ಬಣ್ಣವನ್ನೇ ಮಾತಾಡಲು ಬಿಟ್ಟುಬಿಡುತ್ತಾರೆ.