ದಂಡಿನಿಂದ ಬಂದ ಚೆಂಡು

ಮೈಸೂರು ಸಂಸ್ಥಾನದ ಫುಟ್‌ಬಾಲ್ ಎಂದರೆ ಬಹುಮಟ್ಟಿಗೆ ಬೆಂಗಳೂರು ದಂಡಿನ ಫುಟ್‌ಬಾಲ್. ಅರಮನೆಯ ಮೈಸೂರಿಗಾಗಲಿ ಪೇಟೆಯ ಬೆಂಗಳೂರಿಗಾಗಲಿ ಆ ಹೆಮ್ಮೆಯಲ್ಲಿ ಹೆಚ್ಚಿನ ಪಾಲಿಲ್ಲ. 1809ರಲ್ಲಿ ಹಲಸೂರಿನ ಆಸುಪಾಸು ಬೇರೂರಿದ ದಂಡಿಗೆ ಮುಂದೆ ಗೋರಾ ಪಲ್ಟನ್‌ಗಳ ಜೊತೆ ಈ ಆಟವೂ ಬಂತು. ಸೋಲ್ಜರುಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನಿನ ಹುಡುಗರು ಬರಿಗಾಲಲ್ಲೇ ಅದನ್ನು ಕಲಿತರು. ಬ್ರಿಟಿಷ್ ದಂಡು ಇದ್ದ ಪುಟ್ಟ ಮಾಲ್ಟಾ ದ್ವೀಪದ ಕಥೆಯೂ ಹೀಗೆಯೇ ಮೊದಲಾಗುತ್ತದೆ. ಅಲ್ಲಿ 1909-10ರಲ್ಲೇ ರಾಷ್ಟ್ರೀಯ ಲೀಗ್ ನಡೆದು ಫ್ಲೋರಿಯಾನಾ ಮೊದಲ ಚಾಂಪಿಯನ್ ಆಯಿತು. ಮಾಲ್ಟಾದ ಸುತ್ತ ಸಮುದ್ರವಿತ್ತು; ಬೆಂಗಳೂರಿನಿಂದ ಕಲ್ಕತ್ತೆಗೆ ರೈಲಿತ್ತು. ಮುಂದಿನ ಕಥೆಯನ್ನು ಬೇರೆ ದಾರಿಗೆ ಎಳೆದದ್ದು ಆ ರೈಲೇ.

ಮುಂಬಯಿಯ ರೋವರ್ಸ್ ಕಪ್ 1891ರಿಂದಲೂ ಗೋರಾ ಪಲ್ಟನ್‌ಗಳ ಸ್ವತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ಬೆಂಗಳೂರು ಮುಸ್ಲಿಮ್ಸ್. 1937ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಕಲ್ಕತ್ತಾ ಲೀಗನ್ನು 1934ರಿಂದ ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು, 1948ರಲ್ಲಿ ಮತ್ತೊಮ್ಮೆ. ಈ ತಂಡದ ಹೆಸರು ಇಂದು ಬೆಂಗಳೂರಿನಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ ಎಂಬುದು ಸೋಜಿಗ.

ಪ್ರಾಂತ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಶುರುವಾದದ್ದು 1941ರಲ್ಲಿ. ಬಂಗಾಳ, ದೆಹಲಿಗಳ ನಂತರ ಅದನ್ನು ಎತ್ತಿದ ಮೂರನೇ ತಂಡ ಮೈಸೂರು. 1946-47ರ ಆ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಮರುವರ್ಷದ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಬೆಂಗಳೂರಿನವರು ಒಬ್ಬಿಬ್ಬರಲ್ಲ. 1948ರ ಜುಲೈ 31ರಂದು ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಬಂದ ಮೊದಲ ಗೋಲು ಅದು. ನಾಲ್ಕು ವರ್ಷದ ಬಳಿಕ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ಹತ್ತು ಗೋಲು ಹೊಡೆದಾಗ ಭಾರತದ ಮರ್ಯಾದೆ ಉಳಿಸಿದ ಒಂದು ಗೋಲು ಅಹ್ಮದ್ ಖಾನ್ ಅವರದು. ಅವರೂ ಬೆಂಗಳೂರಿನವರೇ.

ಆದರೆ ಆ ಹೊತ್ತಿಗೆ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿಯಾಗಿತ್ತು. ಅಲ್ಲಿನ ಅಭಿಮಾನಿಗಳು ‘ಪಂಚ ಪಾಂಡವರು’ ಎಂದು ಕರೆದ ಮುಂಚೂಣಿಯ ಐವರಲ್ಲಿ ಅವರೊಬ್ಬರು, ಧನರಾಜ್ ಇನ್ನೊಬ್ಬರು. ಮುಂದೆ ಕೆಂಪಯ್ಯ, ಅರುಮೈನಾಯಗಂ ಕೂಡ ಅದೇ ಊರಿನ ಮೋಹನ್ ಬಾಗಾನ್‌ಗೆ ಹೋದರು. ಕೆಂಪಯ್ಯ 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್ ತಂಡಗಳಲ್ಲಿದ್ದವರು. ಆಟಗಾರರನ್ನು ತಯಾರು ಮಾಡುವ ಊರು ಒಂದು, ಅವರ ಆಟಕ್ಕೆ ಟಿಕೆಟ್ ಕೊಳ್ಳುವ ಊರು ಇನ್ನೊಂದು ಎಂಬಂತಾಯಿತು.

ಊರಲ್ಲೇ ಉಳಿದವರನ್ನು ಸಾಕಿದ್ದು ಕಾರ್ಖಾನೆಗಳು. ಎಚ್‌ಎಎಲ್, ಐಟಿಐಗಳಂಥ ಸರ್ಕಾರಿ ಉದ್ದಿಮೆಗಳು, ಮದ್ರಾಸ್ ಎಂಜಿನಿಯರ್ ಗ್ರೂಪ್‌ನಂಥ ಸೇನಾ ಘಟಕಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಬೆಂಗಳೂರು ಲೀಗ್ ನಿಂತದ್ದು ಆ ಸಂಬಳದ ಮೇಲೆ. ಬೆಳಿಗ್ಗೆ ಲೇತ್ ಮುಂದೆ, ಸಂಜೆ ಮೈದಾನದಲ್ಲಿ. ಇದನ್ನು ಹವ್ಯಾಸಿ ಆಟ ಎನ್ನುವುದು ಸರಿಯಲ್ಲ, ವೃತ್ತಿಪರ ಎನ್ನಲೂ ಬಾರದು. ಗಡಿಯಾಚೆಯ ನೀಲಗಿರಿಯಲ್ಲೂ ಇದೇ ಏರ್ಪಾಡು. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ, ಊಟಿ ದಾಟಿ ಕೂನೂರಿನ ಕಡೆ ಇಳಿದರೆ ವೆಲ್ಲಿಂಗ್ಟನ್ ಸಿಗುತ್ತದೆ. ಅಲ್ಲಿನ ಮದ್ರಾಸ್ ರೆಜಿಮೆಂಟಲ್ ಸೆಂಟರ್ 1955 ಮತ್ತು 1958ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. ಭಾರತ ಕಂಡ ಶ್ರೇಷ್ಠ ಗೋಲ್‌ಕೀಪರ್ ಪೀಟರ್ ತಂಗರಾಜ್ ಆ ತಂಡದವರು. ಈ ಪುಟ್ಟ ಕಂಟೋನ್ಮೆಂಟಿನ ಸಾಧನೆ ದೊಡ್ಡ ನಗರಗಳ ಎಷ್ಟೋ ಕ್ಲಬ್‌ಗಳಿಗೆ ದಕ್ಕದ್ದು.

ಮೈಸೂರು 1952-53ರಲ್ಲಿ ಎರಡನೇ ಬಾರಿ ಸಂತೋಷ್ ಟ್ರೋಫಿ ಗೆದ್ದಿತು. 1967-68, 1968-69ರಲ್ಲಿ ಸತತ ಎರಡು ಸಲ ಫೈನಲ್‌ನಲ್ಲಿ ಬಂಗಾಳವನ್ನು ಮಣಿಸಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ 1975-76ರಲ್ಲಿ ಫೈನಲ್ ತನಕ ಹೋಗಿ ಸೋತಿತು. ಮುಂದಿನ ದಶಕಗಳದು ಇಳಿಜಾರಿನ ಕಥೆ. 1996ರಲ್ಲಿ ಆರಂಭವಾದ ರಾಷ್ಟ್ರೀಯ ಲೀಗ್‌ನಲ್ಲಿ ಐಟಿಐ, ಎಚ್‌ಎಎಲ್ ಕೆಲವು ಋತು ಆಡಿದವು. ಆದರೆ ಸರ್ಕಾರಿ ಉದ್ದಿಮೆಗಳಲ್ಲಿ ನೇಮಕವೇ ಬತ್ತಿದಾಗ ತಂಡಗಳೂ ಬತ್ತಿದವು. ಆ ಲೀಗಿನ ಮುಂದಿನ ರೂಪವಾದ ಐ-ಲೀಗ್‌ನಿಂದ ಎಚ್‌ಎಎಲ್ 2012ರಲ್ಲಿ ಕೆಳಗಿಳಿಯಿತು. ಕೋಚ್‌ಗಳನ್ನು, ಸಂಘಟಕರನ್ನು ದೂರುವವರು ಈ ಲೆಕ್ಕವನ್ನು ಮರೆಯುತ್ತಾರೆ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಬೇರೆಯೇ ಜಾತಿಯ ತಂಡ. ಖಾಸಗಿ ಬಂಡವಾಳ, ಕಂಠೀರವ ಕ್ರೀಡಾಂಗಣ, ಸಿಕಂದರಾಬಾದಿನಲ್ಲಿ ಹುಟ್ಟಿದ ನಾಯಕ ಸುನಿಲ್ ಛೆಟ್ರಿ. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿ, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೂಡ ಗೆದ್ದಿತು. ಗ್ಯಾಲರಿಗೆ ಜನ ಮರಳಿದರು. ಹಳೆಯ ಬೆಂಗಳೂರು ಲೀಗಿಗೆ ಮಾತ್ರ ಆ ಜನ ಬರಲಿಲ್ಲ.

ರಾಜ್ಯ ತಂಡಕ್ಕೆ ಸಂತೋಷ್ ಟ್ರೋಫಿ ಮತ್ತೆ ದಕ್ಕಿದ್ದು 54 ವರ್ಷಗಳ ನಂತರ, ಅದೂ ಸೌದಿ ಅರೇಬಿಯದ ರಿಯಾದ್‌ನಲ್ಲಿ. 2023ರ ಮಾರ್ಚ್ 4ರಂದು ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿತು. ಮೈಸೂರಿನ ನಾಲ್ಕು, ಕರ್ನಾಟಕದ ಒಂದು ಸೇರಿ ಈಗ ಐದು ಕಪ್. 2024ರ ಕೊನೆಗೆ ಬಂಗಾಳದ ಲೆಕ್ಕ 33.